ಊರಿನದು, ಸರಕಾರದ್ದು, ನಮ್ಮದು: ಸಾರ್ವಜನಿಕ ಸೊತ್ತಿನ ಬೆಲೆಯ ಒಂದು ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದ ಮೇಲೆ ಅದರಲ್ಲಿ ದೇವಾಲಯದ ಕಟ್ಟಡ, ಗಂಟೆ, ಸೇವೆ ಸಲ್ಲಿಸಿದ ಗುರುಗಳು, ದಾನಿಗಳು ಇವರೆಲ್ಲರ ವೃತ್ತಾಂತ ಬರುವುದು ಸಹಜ. ಆ ಕಾರ್ಯವನ್ನು ಈ ಸಂಚಿಕೆಯ ಬೇರೆ ಲೇಖಕರಿಗೆ ಬಿಟ್ಟು ನಾವು ಆವರಣದ ಗೋಡೆಯ ಹೊರಗಿನ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ನೂರು ವರ್ಷಗಳಲ್ಲಿ ನಮ್ಮ ಬೈರಿದೇವರಕೊಪ್ಪದ ಸುತ್ತಮುತ್ತ ಕೆರೆ, ಗಾಯರಾಣ, ರಸ್ತೆ, ನೀರು ಇವುಗಳ ಒಡೆತನ ಯಾರಿಂದ ಯಾರಿಗೆ ಹೋಯಿತು, ಒಡೆಯ ಬದಲಾದಾಗ ಜನರ ಕಣ್ಣಿನಲ್ಲಿ ಅವುಗಳ ಬೆಲೆ ಏನಾಯಿತು ಎಂಬುದೇ ಆ ವಿಷಯ. ಇದೂ ಚರಿತ್ರೆಯೇ. ರಾಜರ ಚರಿತ್ರೆಗಿಂತ ಇದು ನಮ್ಮ ಒಲೆಗೂ ಕೊಡಕ್ಕೂ ಹತ್ತಿರವಾದದ್ದು.

ನಮ್ಮ ಆಡುಮಾತಿನಲ್ಲಿ ಮೂರು ಶಬ್ದಗಳಿವೆ: ಊರಿನದು, ಸರಕಾರದ್ದು, ನಮ್ಮದು. ಮೂರನ್ನೂ ಒಂದೇ ಕೆರೆಯ ಕುರಿತು ಆಡಬಹುದು. ಆದರೆ ಆಡುವವನ ನಡತೆ ಮೂರರಲ್ಲಿಯೂ ಬೇರೆ ಬೇರೆಯಾಗಿರುತ್ತದೆ. ಸರಕಾರದ್ದು ಎಂದವನು ಅದರೊಳಗೆ ಕಸ ಸುರಿಯಲು ಹಿಂಜರಿಯುವುದಿಲ್ಲ. ಊರಿನದು ಎಂದವನು ಅತ್ತಿತ್ತ ನೋಡಿ ಸುರಿಯುತ್ತಾನೆ. ನಮ್ಮದು ಎಂದವನು ಸುರಿಯಬಂದವನೊಡನೆ ಜಗಳಕ್ಕೆ ನಿಲ್ಲುತ್ತಾನೆ.

ಕೆರೆಯಿಂದಲೇ ಪ್ರಾರಂಭಿಸೋಣ. ನಮ್ಮ ನೆರೆಯ ಉಣಕಲ್ಲಿನಲ್ಲಿ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯವಿದೆ. ಹೆದ್ದಾರಿಯ ಬದಿಗೆ ಹಿಂದೊಮ್ಮೆ ಹುಬ್ಬಳ್ಳಿಗೆ ಕುಡಿಯುವ ನೀರು ಒದಗಿಸಿದ ವಿಶಾಲವಾದ ಕೆರೆಯಿದೆ. ಧಾರವಾಡ, ಗದಗ, ಹಾವೇರಿ ಸೀಮೆಯ ಶಿಲಾಶಾಸನಗಳನ್ನು ನೋಡಿದವರಿಗೆ ಕೆರೆಯ ಪ್ರಸ್ತಾಪ ಎಷ್ಟು ಸಲ ಬರುತ್ತದೆಂಬುದು ಗೊತ್ತು. ಬಿತ್ತುವಟ್ಟ, ದಸವಂದ, ಕಟ್ಟುಗೊಡಗೆ ಎಂಬ ಹೆಸರುಗಳನ್ನು ವಿದ್ವಾಂಸರು ವಿವರಿಸಿದ್ದಾರೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ದುರಸ್ತಿಯಲ್ಲಿಟ್ಟವನಿಗೆ ಬಿಟ್ಟುಕೊಟ್ಟ ಭೂಮಿ ಅಥವಾ ಆದಾಯದ ಪಾಲು ಎಂಬುದು ಇವುಗಳ ಸ್ಥೂಲವಾದ ಅರ್ಥ. ಕೆರೆ ಎಲ್ಲರದು, ಆದರೆ ಅದನ್ನು ಕಾಯುವ ಹೊಣೆ ಮಾತ್ರ ಹೆಸರಿಟ್ಟು ಒಬ್ಬನದು, ಮತ್ತು ಆ ಹೊಣೆಗೆ ತಕ್ಕ ಅನ್ನವೂ ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿಯೇ ಇತ್ತು. ಹೂಳು ತುಂಬಿದರೆ ಮೊದಲು ಕಡಿಮೆಯಾಗುವುದು ಅವನದೇ ಪೈರು. ಶಾಸನಗಳ ಕೊನೆಗೆ ಬರುವ ಶಾಪದ ಮಾತುಗಳಲ್ಲಿ ದಾನ ಮಾಡುವುದಕ್ಕಿಂತ ದಾನವನ್ನು ಪಾಲಿಸುವುದೇ ಹೆಚ್ಚಿನ ಪುಣ್ಯವೆಂಬ ಭಾವನೆ ಮತ್ತೆ ಮತ್ತೆ ಕಾಣುತ್ತದೆ. ಉದ್ಘಾಟನೆಯ ಕಲ್ಲು ನೆಡಲು ಬರುವವರ ನೂಕುನುಗ್ಗಲನ್ನೂ ಮಾರನೆಯ ವರ್ಷ ಆ ಕಟ್ಟಡಕ್ಕೆ ಸುಣ್ಣ ಹಚ್ಚಿಸುವವರ ಅಭಾವವನ್ನೂ ಕಂಡವರಿಗೆ ಈ ಭಾವನೆಯ ಬೆಲೆ ತಿಳಿಯುತ್ತದೆ.

ಜನಪದರ ‘ಕೆರೆಗೆ ಹಾರ’ವನ್ನು ಇಲ್ಲಿ ನೆನೆಯಬೇಕು. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದಿರಲು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ಕಥೆ ಅದು. ಊರಿನ ಒಳಿತಿಗಾಗಿ ಪ್ರಾಣ ಕೊಟ್ಟಳೆಂದು ಹೊಗಳುವವರಿದ್ದಾರೆ. ಆದರೆ ಕೆರೆಯ ಬೆಲೆಯನ್ನು ತೀರ್ಮಾನಿಸಿದವರು ಒಬ್ಬರು, ಅದನ್ನು ತೆತ್ತವಳು ಇನ್ನೊಬ್ಬಳು ಎಂಬುದನ್ನು ನಾವು ಮರೆಯಲಾರೆವು. ಸಾರ್ವಜನಿಕ ಹಿತದ ಚರಿತ್ರೆಯಲ್ಲಿ ಇಂತಹ ಭಾಗೀರಥಿಯರು ಮುಂದೆಯೂ ಬರುತ್ತಾರೆ.

1818ರಲ್ಲಿ ಪೇಶವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆಯು ಮುಂಬಯಿ ಆಧಿಪತ್ಯಕ್ಕೆ ಸೇರಿತು. 1840ರ ದಶಕದಿಂದ ಭೂಮಾಪನದ ಸರಪಳಿ ನಮ್ಮ ಎರೆಹೊಲಗಳ ಮೇಲೆ ಎಳೆಯಲ್ಪಟ್ಟಿತು. ಹೊಲಕ್ಕೆ ಸರ್ವೇ ನಂಬರು, ನಂಬರಿಗೆ ಖಾತೆದಾರ, ಖಾತೆದಾರನಿಗೆ ಕಂದಾಯ. ಯಾರ ಹೆಸರಿಗೂ ಹತ್ತದ ಭೂಮಿ, ಎಂದರೆ ದನ ಮೇಯುವ ಗಾಯರಾಣ, ಹಳ್ಳ, ಗುಡ್ಡ, ಕೆರೆಯಂಗಳ, ಇವು ಏನಾದವು? 1879ರ ಮುಂಬಯಿ ಭೂಕಂದಾಯ ಸಂಹಿತೆಯ 37ನೆಯ ಕಲಮು ಇದಕ್ಕೆ ಉತ್ತರ ಕೊಟ್ಟಿತು. ರಸ್ತೆ, ಓಣಿ, ಸೇತುವೆ, ನದಿ, ಹಳ್ಳ, ಕೆರೆ, ನಿಂತ ನೀರು, ಹರಿಯುವ ನೀರು ಮತ್ತು ಯಾವ ವ್ಯಕ್ತಿಯ ಸೊತ್ತೂ ಅಲ್ಲದ ಸಮಸ್ತ ಭೂಮಿ ಸರಕಾರದ ಸೊತ್ತೆಂದು ಅದು ಸಾರಿತು. ಸ್ವಾತಂತ್ರ್ಯ ಬಂದು ರಾಜ್ಯ ಒಂದಾದ ಮೇಲೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಕಲಮಿನಲ್ಲಿ ಇದೇ ತತ್ತ್ವ ಮುಂದುವರಿಯಿತು. ರಾಣಿಯ ಜಾಗದಲ್ಲಿ ರಾಜ್ಯ ಸರಕಾರ ಬಂದಿತು. ಹಳ್ಳಿಯ ಜನ ಮೊದಲಿನಂತೆಯೇ ದನ ಬಿಡುತ್ತಿದ್ದರು, ಕಟ್ಟಿಗೆ ಆಯುತ್ತಿದ್ದರು, ಹುಲ್ಲು ಕೊಯ್ಯುತ್ತಿದ್ದರು. ಆದರೆ ಕಾಗದದಲ್ಲಿ ‘ಊರಿನದು’ ಎಂಬ ಶಬ್ದಕ್ಕೆ ಇನ್ನು ಸ್ಥಾನವಿರಲಿಲ್ಲ. ಒಂದೋ ಖಾಸಗಿ, ಇಲ್ಲವೆ ಸರಕಾರಿ.

ಹಾಗೆಂದು ಹಿಂದಿನ ‘ಊರಿನದು’ ಎಲ್ಲರದೂ ಆಗಿತ್ತೆಂದು ಹಾಡಿ ಹೊಗಳುವುದು ಸತ್ಯಕ್ಕೆ ದೂರ. ಊರ ಬಾವಿ ಊರಿನದೇ, ಆದರೆ ಕೇರಿಯವರಿಗೆ ಅದರ ಮೆಟ್ಟಿಲು ನಿಷಿದ್ಧ. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂದು ಎಸ್. ಕೆ. ಬೋಲೆಯವರ ಗೊತ್ತುವಳಿಯನ್ನು ಅಂಗೀಕರಿಸಿತು. ನಮ್ಮ ಧಾರವಾಡವೂ ಆಗ ಅದೇ ಆಧಿಪತ್ಯದಲ್ಲಿತ್ತು. 1924ರಲ್ಲಿ ಮಹಾಡಿನ ಪುರಸಭೆ ತನ್ನ ಚವದಾರ ಕೆರೆಯನ್ನು ತೆರೆದಿರುವುದಾಗಿ ನಿರ್ಣಯಿಸಿತು, ಕಾಗದದ ಮೇಲಷ್ಟೇ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು ಹೋಗಿ ಆ ನೀರನ್ನು ಕುಡಿದರು. ಕೆರೆ ತಮ್ಮ ಖಾಸಗಿ ಸೊತ್ತೆಂದು ಸವರ್ಣೀಯರು ಹೂಡಿದ ಮೊಕದ್ದಮೆ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಗಿ ತೀರ್ಪು ಅಂಬೇಡ್ಕರರ ಪರವಾದದ್ದು 1937ರಲ್ಲಿ. ಬೋಗಸೆ ನೀರಿಗೆ ಹತ್ತು ವರ್ಷ! ಇಲ್ಲಿ ‘ಪುರಸಭೆಯದು’ ಎಂಬ ಮಾತೇ ‘ನಮ್ಮದೂ ಹೌದು’ ಎನ್ನಲು ಬಡವರಿಗೆ ಆಧಾರವಾಯಿತೆಂಬುದನ್ನು ಗಮನಿಸತಕ್ಕದ್ದು. ಸರಕಾರದ ಒಡೆತನವನ್ನು ಬರಿಯ ಕಸದ ಬುಟ್ಟಿಯೆಂದು ತಿಳಿಯುವವರು ಮಹಾಡನ್ನು ಒಮ್ಮೆ ಓದಬೇಕು.

ಇನ್ನು ತತ್ತ್ವದ ಮಾತು. ಗುರುಮಠದಲ್ಲಿ ನಮಗೆ ಕಲಿಸಿದ ಅರಿಸ್ಟಾಟಲನು ತನ್ನ ರಾಜ್ಯಶಾಸ್ತ್ರದ ಎರಡನೆಯ ಭಾಗದಲ್ಲಿ, ಬಹುಮಂದಿಗೆ ಸೇರಿದ ವಸ್ತುವಿಗೆ ಅತಿ ಕಡಿಮೆ ಆರೈಕೆ ದೊರೆಯುತ್ತದೆಂದು ವಾದಿಸುತ್ತಾನೆ. ಸಂತ ತೋಮಾಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಅದೇ ನೆಲೆಯಿಂದ ಖಾಸಗಿ ಸೊತ್ತನ್ನು ಸಮರ್ಥಿಸಿದರು. ಆಳುಗಳು ಹೆಚ್ಚಾದ ಮನೆಯಲ್ಲಿ ಪ್ರತಿಯೊಬ್ಬನೂ ಕೆಲಸವನ್ನು ಇನ್ನೊಬ್ಬನಿಗೆ ಬಿಡುತ್ತಾನೆಂಬ ಅವರ ದೃಷ್ಟಾಂತ ಯಾವ ಕಚೇರಿಗೂ ಒಪ್ಪುವಂಥದು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಸಂಪಾದನೆ ಮತ್ತು ನಿರ್ವಹಣೆ ಬೇರೆ, ಬಳಕೆ ಬೇರೆ. ಬಳಕೆಯ ಮಟ್ಟಿಗೆ ಮನುಷ್ಯನು ವಸ್ತುಗಳನ್ನು ಎಲ್ಲರವೆಂದೇ ತಿಳಿದು ಇಲ್ಲದವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕೆಂದರು. ಈ ಎರಡನೆಯ ಅರ್ಧವನ್ನು ಬಿಟ್ಟು ಮೊದಲನೆಯ ಅರ್ಧವನ್ನು ಮಾತ್ರ ಉದ್ಧರಿಸುವ ಪದ್ಧತಿ ಬಹಳ ಹಳೆಯದು.

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ ಒಂದು ಪ್ರಸಿದ್ಧ ಲೇಖನದಲ್ಲಿ, ಎಲ್ಲರಿಗೂ ತೆರೆದ ಹುಲ್ಲುಗಾವಲಿಗೆ ಪ್ರತಿಯೊಬ್ಬ ದನಗಾಹಿಯೂ ಇನ್ನೊಂದು ದನವನ್ನು ಸೇರಿಸುತ್ತ ಹೋಗಿ ಕೊನೆಗೆ ಹುಲ್ಲೇ ಇಲ್ಲವಾಗುತ್ತದೆಂದು ವಾದಿಸಿದನು. ಇಂಡಿಯಾನಾ ವಿಶ್ವವಿದ್ಯಾಲಯದ ಎಲಿನರ್ ಆಸ್ಟ್ರಮ್ ಅವರು 1990ರ ತಮ್ಮ ಗ್ರಂಥದಲ್ಲಿ ಇದಕ್ಕೆ ಉತ್ತರವಿತ್ತರು. ಸ್ವಿಸ್ ಪರ್ವತಗಳ ಹುಲ್ಲುಗಾವಲು, ಜಪಾನಿನ ಹಳ್ಳಿಗಳ ಕಾಡು, ಸ್ಪೇನಿನ ನೀರಿನ ಕಾಲುವೆಗಳು ಶತಮಾನಗಳ ಕಾಲ ಸಾಮೂಹಿಕ ಒಡೆತನದಲ್ಲಿಯೇ ಉಳಿದುಬಂದದ್ದನ್ನು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಹಾರ್ಡಿನನು ವರ್ಣಿಸಿದ್ದು ಊರಿನ ಗಾಯರಾಣವನ್ನಲ್ಲ, ಹೇಳುವವರು ಕೇಳುವವರು ಇಲ್ಲದ ಜಾಗವನ್ನು ಎಂಬುದು ಹಳ್ಳಿ ಬಲ್ಲವರಿಗೆ ಒಡನೆಯೇ ಹೊಳೆಯುತ್ತದೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಒಂದು ಪರೀಕ್ಷೆಯಿದೆ. 1990ರಲ್ಲಿ ಡ್ಯಾನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಎಂಬ ಮೂವರು ಪ್ರಕಟಿಸಿದ ಪ್ರಯೋಗ ಅದು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಒಂದೊಂದು ಕಾಫಿ ಕುಡಿಯುವ ಬಟ್ಟಲನ್ನು ಕೊಟ್ಟು, ಎಷ್ಟಕ್ಕೆ ಮಾರುವಿರೆಂದು ಕೇಳಿದರು. ಉಳಿದ ಅರ್ಧ ಜನರನ್ನು ಎಷ್ಟಕ್ಕೆ ಕೊಳ್ಳುವಿರೆಂದು ಕೇಳಿದರು. ಬಟ್ಟಲು ಒಂದೇ ತರದ್ದು, ಕೈಗೆ ಬಂದು ಕೆಲವೇ ನಿಮಿಷ. ಆದರೂ ಒಡೆಯರು ಹೇಳಿದ ಬೆಲೆ ಕೊಳ್ಳುವವರು ಹೇಳಿದ ಬೆಲೆಯ ಸುಮಾರು ಇಮ್ಮಡಿಯಾಗಿತ್ತು. ನಮ್ಮ ಹಿರಿಯರು ಈ ಪ್ರಯೋಗವನ್ನು ಯಾವ ವಿಶ್ವವಿದ್ಯಾಲಯದ ನೆರವೂ ಇಲ್ಲದೆ ಮುಗಿಸಿ ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂದು ಬರೆದಿಟ್ಟಿದ್ದಾರೆ.

ನಗುವ ಮಾತಲ್ಲ ಇದು. ಕೆರೆ, ಕಾಡು, ಗಾಳಿ ಇವುಗಳಿಗೆ ಸಂತೆಯಲ್ಲಿ ದರವಿಲ್ಲ. ಆದುದರಿಂದ ಅವುಗಳ ಬೆಲೆ ತಿಳಿಯಬೇಕಾದಾಗ ಜನರನ್ನೇ ಕೇಳುತ್ತಾರೆ. ಕೇಳುವ ಬಗೆ ಎರಡು. ‘ಇದನ್ನು ಉಳಿಸಲು ನೀವು ಎಷ್ಟು ಕೊಡುವಿರಿ?’ ಎಂಬುದು ಒಂದು. ‘ಎಷ್ಟು ಕೊಟ್ಟರೆ ಇದನ್ನು ಬಿಟ್ಟುಕೊಡುವಿರಿ?’ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಯಲ್ಲಿ ವಸ್ತು ನಿಮ್ಮದಲ್ಲವೆಂಬ ಊಹೆ ಅಡಗಿದೆ. ಎರಡನೆಯದರಲ್ಲಿ ಅದು ನಿಮ್ಮದೇ ಎಂಬ ಒಪ್ಪಿಗೆಯಿದೆ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಮೊದಲನೆಯದಕ್ಕಿಂತ ಎಷ್ಟೋ ಪಾಲು ದೊಡ್ಡದು. 1989ರಲ್ಲಿ ಅಲಾಸ್ಕಾದ ಕಡಲಿನಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಎಣ್ಣೆ ಚೆಲ್ಲಿದ ಮೇಲೆ ಈ ಚರ್ಚೆ ಬಿಸಿಯೇರಿತು. 1993ರಲ್ಲಿ ಕೆನ್ನೆತ್ ಆರೋ, ರಾಬರ್ಟ್ ಸೋಲೋ ಎಂಬ ನೊಬೆಲ್ ವಿಜೇತರ ನೇತೃತ್ವದ ಸಮಿತಿಯು, ಎಚ್ಚರಿಕೆಯ ದೃಷ್ಟಿಯಿಂದ ‘ಎಷ್ಟು ಕೊಡುವಿರಿ’ ಎಂಬ ಮೊದಲನೆಯ ಪ್ರಶ್ನೆಯನ್ನೇ ಕೇಳಬೇಕೆಂದು ಶಿಫಾರಸು ಮಾಡಿತು. ಸಂಖ್ಯೆ ಉಬ್ಬಬಾರದೆಂಬುದು ಅವರ ಕಾರಣ. ಕಾರಣವೇನೋ ಸರಿ, ಆದರೆ ಬಡವನ ಜೇಬನ್ನು ತಡವಿ ಅವನ ನದಿಯ ಬೆಲೆ ಕಟ್ಟುವುದು ನಮಗೆ ಒಪ್ಪಿಗೆಯಾಗುವ ಮಾತಲ್ಲ. ಜೇಬಿನಲ್ಲಿ ಏನೂ ಇಲ್ಲದವನ ನದಿಗೆ ಬೆಲೆಯೇ ಇಲ್ಲವೆಂದಾಗುತ್ತದೆ.

ಈಗ ನಮ್ಮ ಊರಿಗೆ ಬರೋಣ. ಉಣಕಲ್ಲ ಕೆರೆಯ ನೀರನ್ನು ಕುಡಿಯುವ ಅಗತ್ಯ ಹುಬ್ಬಳ್ಳಿಗೆ ಬರಬರುತ್ತ ಇಲ್ಲವಾಯಿತು. 1950ರ ದಶಕದಲ್ಲಿ ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರ ಬಂದಿತು. ಬಳಿಕ ಸವದತ್ತಿಯ ಮಲಪ್ರಭಾ ಜಲಾಶಯದಿಂದ ನೀರು ಬಂದಿತು. ಕೆರೆಯ ನೀರು ಕೊಡಕ್ಕೆ ಬಾರದಾದ ದಿನದಿಂದ ಕೆರೆ ಮನೆಯವರ ಮಾತಿನಿಂದಲೂ ದೂರವಾಯಿತು. ಬಚ್ಚಲ ನೀರು ಸೇರಿತು, ಅಂತರಗಂಗೆ ಹಬ್ಬಿತು, ಯಂತ್ರ ತಂದು ಅದನ್ನು ಕೀಳಿಸುವ ಕೆಲಸ ಮಹಾನಗರ ಪಾಲಿಕೆಯ ಪಾಲಿಗೆ ವರ್ಷವರ್ಷದ ಹಬ್ಬವಾಯಿತು. ಒಡೆತನ ಬದಲಾಗಲಿಲ್ಲ, ಕಾಗದದಲ್ಲಿ ಅಂದೂ ಸರಕಾರದ್ದೇ ಇಂದೂ ಸರಕಾರದ್ದೇ. ಬದಲಾದದ್ದು ಕೊಡ ಮತ್ತು ಕೆರೆಯ ನಂಟು. ಈಗ ಸಂಜೆಯ ಹೊತ್ತು ವಿಹಾರಕ್ಕೆ ಬರುವವರು ಹೊಸ ನಂಟನ್ನು ಕಟ್ಟುತ್ತಿದ್ದಾರೆ. ಅದೂ ಒಳ್ಳೆಯದೇ, ಕೊಡದಷ್ಟು ಗಟ್ಟಿಯೋ ಅಲ್ಲವೋ ಕಾಲ ಹೇಳಬೇಕು.

ನಲ್ಲಿಯ ನೀರಿನ ಕಥೆ ಬೇರೆ. ಹಲವು ದಿನಗಳಿಗೊಮ್ಮೆ ನೀರು ಬಿಡುತ್ತಿದ್ದ ಕಾಲದಲ್ಲಿ ಹುಬ್ಬಳ್ಳಿ-ಧಾರವಾಡದ ಗೃಹಿಣಿಯರು ಹಂಡೆ, ಬಕೆಟ್ಟು, ಡ್ರಮ್ಮು, ಕೊನೆಗೆ ಚರಿಗೆಯವರೆಗೂ ತುಂಬಿಸಿಡುತ್ತಿದ್ದರು. ಹೊಸ ನೀರು ಬಂದ ಗಳಿಗೆಗೆ ಹಳೆಯದನ್ನು ಅಂಗಳಕ್ಕೆ ಚೆಲ್ಲುತ್ತಿದ್ದರು. ನೀರಿಲ್ಲದ ಊರಿನಲ್ಲಿ ನೀರು ಚೆಲ್ಲುವ ಈ ವಿಚಿತ್ರವನ್ನು ಹೊರಗಿನವರು ನಂಬುತ್ತಿರಲಿಲ್ಲ. 2008ರ ವೇಳೆಗೆ ವಿಶ್ವ ಬ್ಯಾಂಕಿನ ಸಾಲದ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ಭಾಗಗಳಲ್ಲಿ ದಿನದ 24 ತಾಸೂ ನೀರು ಕೊಡುವ ಯೋಜನೆ ಜಾರಿಗೆ ಬಂದಿತು. ಮನೆಮನೆಗೆ ಮೀಟರು, ಬಳಸಿದಷ್ಟಕ್ಕೆ ದುಡ್ಡು. ಚೆಲ್ಲುವುದಕ್ಕೆ ಕಾರಣವೇ ಉಳಿಯಲಿಲ್ಲ. ಹಾಗಾದರೆ ದುಡ್ಡು ಕೊಟ್ಟದ್ದಕ್ಕೇ ನೀರಿಗೆ ಬೆಲೆ ಬಂದಿತೆ? ಅಷ್ಟು ಸುಲಭವಾಗಿ ಒಪ್ಪಲಾರೆವು. ನಾಳೆಯೂ ಬರುತ್ತದೆಂಬ ಭರವಸೆ ಹುಟ್ಟಿದ್ದು ಮೀಟರಿಗಿಂತ ದೊಡ್ಡ ಸಂಗತಿ. ನಾಳೆಯ ಮೇಲೆ ನಂಬಿಕೆಯಿಲ್ಲದವನು ಇಂದಿನದನ್ನು ಬಾಚಿಕೊಳ್ಳುತ್ತಾನೆ, ಬಾಚಿಕೊಂಡದ್ದನ್ನು ಚೆಲ್ಲುತ್ತಾನೆ.

ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಲ್ಲಿ ಓಡತೊಡಗಿದ ಚಿಗರಿ ಬಸ್ಸುಗಳು ನಮ್ಮ ಬೈರಿದೇವರಕೊಪ್ಪದಲ್ಲಿಯೂ ನಿಲ್ಲುತ್ತವೆ. ತಂಪಾದ ಬಸ್ಸಿನ ಕುರ್ಚಿಯನ್ನು ನಮ್ಮ ಹುಡುಗರು ಹರಿಯದೆ ಬಿಟ್ಟರೆ ಅದು ಹೊಸದೆಂಬ ಕಾರಣಕ್ಕೋ ತಮ್ಮದೆಂಬ ಕಾರಣಕ್ಕೋ ನೋಡಬೇಕು. ಚಳವಳಿ ನಡೆದಾಗ ಮೊದಲ ಕಲ್ಲು ಬೀಳುವುದು ಸಾರಿಗೆ ಸಂಸ್ಥೆಯ ಬಸ್ಸಿನ ಗಾಜಿಗೇ ಎಂಬುದು ಎಲ್ಲರೂ ಕಂಡದ್ದು. ಆದರೆ ಈ ರಸ್ತೆಯ ಇನ್ನೊಂದು ಮಗ್ಗುಲನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಅದರ ಅಗಲೀಕರಣಕ್ಕಾಗಿ ಮನೆ, ಅಂಗಡಿ, ಪೂಜಾಸ್ಥಳಗಳು ತೆರವಾದವು. ನಮ್ಮ ಊರಿನ ದರ್ಗಾ ನ್ಯಾಯಾಲಯದ ವ್ಯಾಜ್ಯ ಮುಗಿದ ಮೇಲೆ 2022ರ ಡಿಸೆಂಬರಿನಲ್ಲಿ ತೆರವಾಯಿತು. ಪರಿಹಾರವನ್ನು ಚದರಡಿಯ ಲೆಕ್ಕದಲ್ಲಿ ಕಟ್ಟಬಹುದು. ಆದರೆ ಅಜ್ಜ ಮುತ್ತಜ್ಜರು ಹರಕೆ ಹೊತ್ತ ಜಾಗದ ಮುಂದೆ ನಿಂತು ‘ಎಷ್ಟು ಕೊಟ್ಟರೆ ಬಿಡುವಿರಿ’ ಎಂದು ಕೇಳಿದರೆ, ಯಾವ ಧರ್ಮದವನೇ ಆಗಲಿ, ಬರುವ ಉತ್ತರ ಸಂಖ್ಯೆಯಾಗಿರುವುದಿಲ್ಲ. ರಸ್ತೆ ಬೇಡವೆಂದು ನಾವು ಹೇಳುತ್ತಿಲ್ಲ. ಅದರ ಮೇಲೆ ನಾವೂ ಓಡಾಡುತ್ತೇವೆ. ಸಾರ್ವಜನಿಕ ಹಿತದ ಹೆಸರಿನಲ್ಲಿ ಬೆಲೆ ತೆತ್ತವರ ಲೆಕ್ಕವೂ ಊರಿನ ಚರಿತ್ರೆಯಲ್ಲಿ ಇರಲಿ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಪ್ರಸಂಗವಶಾತ್ ದೇವಾಲಯದ ಸೊತ್ತಿನ ಮಾತೂ ಬಂದೀತು. ಧರ್ಮಕೇಂದ್ರದ ಕಟ್ಟಡ, ಬೆಂಚು, ಬಾವಿ ಯಾರದು ಎಂದು ಕೇಳಿದರೆ ಹಲವರು ‘ಫಾದರದ್ದು’ ಎನ್ನುತ್ತಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಅದು ಧರ್ಮಕೇಂದ್ರದ್ದೇ. ಗುರುವು ಪಾಲಕ ಮಾತ್ರ, ವರ್ಗವಾದಾಗ ಪೆಟ್ಟಿಗೆ ಹಿಡಿದು ಹೊರಡುವವನು. ಆದರೂ ದಾನಿಯ ಹೆಸರು ಬರೆದ ಬೆಂಚನ್ನು ದಾನಿಯ ಮೊಮ್ಮಕ್ಕಳು ಒರೆಸುವಷ್ಟು ಪಕ್ಕದ ಹೆಸರಿಲ್ಲದ ಬೆಂಚನ್ನು ಒರೆಸುವುದಿಲ್ಲ. ವಿದ್ಯುದ್ದೀಪದ ಪಟ್ಟಿಯ ಮೇಲೆ ಬೆಳಕನ್ನೇ ಮುಚ್ಚುವಂತೆ ದಾನಿಯ ಹೆಸರು ಬರೆಸುವುದನ್ನು ಎಲ್ಲ ಮತಗಳ ಗುಡಿಗಳಲ್ಲಿಯೂ ಕಾಣಬಹುದು. ಈ ವಿಷಯದಲ್ಲಿ ಸರ್ವಧರ್ಮ ಸಮನ್ವಯ ಪೂರ್ಣವಾಗಿದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ ಮುಖ್ಯ ಘಟನೆಯನ್ನು ಇನ್ನೂ ಹೇಳಿಲ್ಲ. ಅದು ನಮ್ಮ ಧಾರವಾಡ ಜಿಲ್ಲೆಯಲ್ಲಿಯೇ ನಡೆದದ್ದು, ಇಂದಿನ ತರುಣರು ಮರೆಯುತ್ತಿರುವಂಥದು.

1984ರ ನವೆಂಬರ 14ರಂದು ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಹುಟ್ಟುಹಾಕಿತು. ಬಿರ್ಲಾ ಉದ್ಯಮ ಸಮೂಹದ ಆ ಕಾರ್ಖಾನೆ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ರೇಯಾನ್ ನೂಲಿಗೆ ಬೇಕಾದ ಮರದ ತಿರುಳನ್ನು ತಯಾರಿಸುತ್ತಿತ್ತು. ಹೊಸ ಕಂಪನಿಯಲ್ಲಿ ಸರಕಾರದ ಪಾಲು ಶೇಕಡಾ 51, ಪಾಲಿಫೈಬರ್ಸಿನ ಪಾಲು ಶೇಕಡಾ 49. ಅದರ ಕೆಲಸ ನೀಲಗಿರಿ ಮೊದಲಾದ ಬೇಗ ಬೆಳೆಯುವ ಮರಗಳನ್ನು ನೆಡುವುದು. ಇದಕ್ಕಾಗಿ ಉತ್ತರ ಭಾಗದ ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರು ಸಿ ಮತ್ತು ಡಿ ವರ್ಗದ ಭೂಮಿಯನ್ನು ಗೊತ್ತುಮಾಡಲಾಯಿತು. ಉಳುಮೆಗೆ ಬಾರದ್ದೆಂದು ಕಂದಾಯ ದಫ್ತರದಲ್ಲಿ ಬರೆದ ಭೂಮಿ ಇದು. 37ನೆಯ ಕಲಮಿನ, 67ನೆಯ ಕಲಮಿನ ಆ ಹಳೆಯ ‘ಯಾರದೂ ಅಲ್ಲದ’ ಭೂಮಿ.

ಗುತ್ತಿಗೆಯ ಅವಧಿ 40 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ 1 ರೂಪಾಯಿ. ಅಚ್ಚಿನ ತಪ್ಪಲ್ಲ, ವಾಚಕರೇ, ಒಂದೇ ರೂಪಾಯಿ. 30,000 ಹೆಕ್ಟೇರೆಂದರೆ ಸುಮಾರು 74 ಸಾವಿರ ಎಕರೆ. ಎಲ್ಲವೂ ಸೇರಿ ವರ್ಷಕ್ಕೆ ಸುಮಾರು 74 ಸಾವಿರ ರೂಪಾಯಿ ಆಯಿತು. ಬೆಳೆದ ಮರದಲ್ಲಿ ಶೇಕಡಾ 87.5 ಭಾಗ ನೇರವಾಗಿ ಕಾರ್ಖಾನೆಗೆ. ಉಳಿದ ಶೇಕಡಾ 12.5 ಭಾಗವನ್ನೂ ಕೊಳ್ಳುವ ಹಕ್ಕು ಅದಕ್ಕೇ. ಕಂಪನಿ ಮಾಡುವ ಸಾಲಕ್ಕೆ ಸರಕಾರವೇ ಜಾಮೀನು.

ಒಂದು ರೂಪಾಯಿ ಎಲ್ಲಿಂದ ಬಂದಿತೆಂದು ಯೋಚಿಸತಕ್ಕದ್ದು. ಕಾಗದದ ಒಡೆಯನಾದ ಸರಕಾರಕ್ಕೆ ಆ ಭೂಮಿಯಿಂದ ಆದಾಯವಿರಲಿಲ್ಲ. ಅದರ ಒಲೆ ಅಲ್ಲಿಯ ಕಟ್ಟಿಗೆಯಿಂದ ಉರಿಯುತ್ತಿರಲಿಲ್ಲ, ಅದರ ಎಮ್ಮೆ ಅಲ್ಲಿ ಮೇಯುತ್ತಿರಲಿಲ್ಲ. ಬರಡು ಭೂಮಿಗೆ ರೂಪಾಯಿ ಬಂದರೂ ಲಾಭವೇ ಎಂದು ಅದು ಲೆಕ್ಕ ಹಾಕಿರಬೇಕು. ಹಳ್ಳಿಯವರಿಗಾದರೋ ಅದು ಮೇವು, ಉರುವಲು, ಬೇಲಿಯ ಮುಳ್ಳು, ಔಷಧಿಯ ಬೇರು, ಬರಗಾಲದಲ್ಲಿ ದನ ಉಳಿಸುವ ಕೊನೆಯ ಹುಲ್ಲು. ಭೂಮಿಯಿಲ್ಲದ ಕೂಲಿಯವಳ ಎರಡು ಆಡುಗಳಿಗೆ ಅದೇ ಆಸ್ತಿ. ನೀಲಗಿರಿಯ ಎಲೆಯನ್ನು ಆಡೂ ಮುಟ್ಟುವುದಿಲ್ಲ. ಆದರೆ ‘ಎಷ್ಟು ಕೊಟ್ಟರೆ ಬಿಡುವಿರಿ’ ಎಂಬ ಪ್ರಶ್ನೆಯನ್ನು ಆಕೆಗೆ ಕೇಳುವ ಪ್ರಸಂಗವೇ ಇರಲಿಲ್ಲ, ಏಕೆಂದರೆ ಆಕೆ ಒಡತಿಯಲ್ಲ. ಒಡೆಯನಿಗೆ ಬಳಕೆಯಿಲ್ಲ, ಬಳಸುವವಳಿಗೆ ಒಡೆತನವಿಲ್ಲ. ಇವರಿಬ್ಬರ ನಡುವಿನ ಬಿರುಕಿನಲ್ಲಿ ಬೆಲೆ ಒಂದು ರೂಪಾಯಿಗೆ ಇಳಿಯಿತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ ಹಳ್ಳಿಗಳಲ್ಲಿ ಜಾಗೃತಿ ಮೂಡಿಸಿತು. 1977ರ ಜ್ಞಾನಪೀಠ ಪುರಸ್ಕೃತರಾದ ಡಾ. ಶಿವರಾಮ ಕಾರಂತರು ಮುಂದೆ ನಿಂತರು. 1986ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. 1987ರ ಮಾರ್ಚ್ 24ರಂದು ನ್ಯಾಯಾಲಯವು ಇನ್ನೂ ಹೆಚ್ಚಿನ ಭೂಮಿಯನ್ನು ಕಂಪನಿಗೆ ಒಪ್ಪಿಸದಂತೆ ತಡೆಯಾಜ್ಞೆ ಕೊಟ್ಟಿತು. ಆ ವರ್ಷವೇ ನವೆಂಬರ 14ರಂದು, ಎಂದರೆ ಒಪ್ಪಂದವಾಗಿ ಸರಿಯಾಗಿ ಮೂರು ವರ್ಷಕ್ಕೆ, ಆಗ ಧಾರವಾಡ ಜಿಲ್ಲೆಯಲ್ಲಿದ್ದ, 1997ರಿಂದ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ, ಹೆಂಗಸರು ಮಕ್ಕಳು ಸಹಿತ, ನೆಡುತೋಪಿಗೆ ಮೆರವಣಿಗೆಯಲ್ಲಿ ನಡೆದರು. ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತರು. ಅದೇ ನೆಲದಲ್ಲಿ ಹಣ್ಣು ಮೇವು ಕೊಡುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೆಂದು ಅದಕ್ಕೆ ಹೆಸರು. ಗಿಡ ಹಚ್ಚುವುದೆಂದರೆ ನಮ್ಮ ಕಡೆ ಗಿಡ ನೆಡುವುದು. ದೀಪ ಹಚ್ಚುವುದಕ್ಕೂ ಅದೇ ಕ್ರಿಯಾಪದ.

ಸಾವಿರಗಟ್ಟಲೆ ಎಕರೆಯ ಮುಂದೆ ನೂರು ಸಸಿ ಯಾವ ಲೆಕ್ಕ? ಕಂಪನಿಗೆ ಅದರಿಂದಾದ ನಷ್ಟ ಅತ್ಯಲ್ಪ. ಆದರೆ ಬರಿಯ ಕೀಳುವಿಕೆಯಾಗಿದ್ದರೆ ಅದು ಪ್ರತಿಭಟನೆ ಮಾತ್ರವಾಗುತ್ತಿತ್ತು. ಮಗ್ಗುಲಲ್ಲಿಯೇ ತಮ್ಮ ಗಿಡ ಹಚ್ಚಿದ್ದರಿಂದ ಅದು ಒಡೆತನದ ಘೋಷಣೆಯಾಯಿತು. ಬೇರೆಯವರ ನೆಲದಲ್ಲಿ ಯಾರೂ ಮಾವಿನ ಸಸಿ ನೆಡುವುದಿಲ್ಲ. ಹಣ್ಣು ತಿನ್ನಲು ಹತ್ತು ವರ್ಷದ ಮೇಲೂ ತಾನು ಅಥವಾ ತನ್ನ ಮಕ್ಕಳು ಅಲ್ಲಿರುತ್ತಾರೆಂದು ನಂಬಿದವನು ಮಾತ್ರ ನೆಡುತ್ತಾನೆ.

ಹೋರಾಟದ ಫಲವಾಗಿ 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಅದರ ನಂತರ ಕಾನೂನಿನ ಮಾತೂ ಸ್ವಲ್ಪ ಬದಲಾಗಿದೆಯೆನ್ನಬೇಕು. 2011ರ ಜನವರಿ 28ರಂದು ಜಗಪಾಲ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗ್ರಾಮದ ಸಾಮೂಹಿಕ ಭೂಮಿಯ ಅತಿಕ್ರಮಣವನ್ನು ತೆರವುಗೊಳಿಸಿ ಗ್ರಾಮಕ್ಕೆ ಒಪ್ಪಿಸುವ ಯೋಜನೆಯನ್ನು ಸಿದ್ಧಪಡಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಉತ್ತರ ಕನ್ನಡದ ಕುಮಟೆಯ ಬಳಿಯ ಹಳಕಾರದಲ್ಲಿ ಇದಕ್ಕಿಂತ ಹಳೆಯ ನಿದರ್ಶನವಿದೆ. ಮುಂಬಯಿ ಆಧಿಪತ್ಯದ ಕಾಲದಲ್ಲಿ, 1920ರ ದಶಕದಲ್ಲಿ ಆರಂಭವಾದ ಗ್ರಾಮ ಅರಣ್ಯ ಪಂಚಾಯತಿ ಅಲ್ಲಿ ಊರ ಕಾಡನ್ನು ತಾನೇ ಕಾಯುತ್ತ ಬಂದಿತು. ಮುಂದೆ ಸರಕಾರವು ಇಂತಹ ಪಂಚಾಯತಿಗಳನ್ನು ವಿಸರ್ಜಿಸಹೊರಟಾಗ ಹಳಕಾರದವರು ನ್ಯಾಯಾಲಯದ ಮೆಟ್ಟಿಲೇರಿ ತಮ್ಮ ಕಾಡನ್ನು ಉಳಿಸಿಕೊಂಡರು. ನಮ್ಮ ದೇವಾಲಯದ ವಯಸ್ಸೂ ಆ ಪಂಚಾಯತಿಯ ವಯಸ್ಸೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಕಂಡು ನಮಗೆ ಸಂತೋಷವಾಯಿತು.

ಮತ್ತೆ ಕುಸನೂರಿನ ಕಡೆಗೆ. ಕಂಪನಿ ಹೋದ ಮೇಲೆ ಭೂಮಿ ಯಾರಿಗೆ ಬಂದಿತು? ಕಾನೂನಿನಂತೆ ಅದು ಮರಳಿದ್ದು ಸರಕಾರಕ್ಕೆ. ಗಾಯರಾಣಕ್ಕೆ ದನಗಳೂ ಕಟ್ಟಿಗೆಯ ಹೊರೆಯ ಹೆಂಗಸರೂ ಮರಳಿದರು. 67ನೆಯ ಕಲಮು ಇದ್ದಲ್ಲಿಯೇ ಇದೆ.